ಸಚಿನ್ ನಾಗ್ ನೆನಪು: ಏಷ್ಯನ್ ಗೇಮ್ಸ್ ಈಜಿನಲ್ಲಿ ನಮಗಿರುವ ಒಂದೇ ಒಂದು ಚಿನ್ನ

ಬಾವಿಕಟ್ಟೆ:
ಪ್ರತಿ ಸಲ ಏಷ್ಯನ್ ಗೇಮ್ಸ್ ಬಂದಾಗ ಈಜಿನ ಸುದ್ದಿಯ ಕೊನೆಗೆ ಒಂದು ಸಾಲು ಇರುತ್ತದೆ. ಈಜಿನಲ್ಲಿ ಭಾರತಕ್ಕೆ ಈವರೆಗೆ ಒಂದೇ ಚಿನ್ನ, ಅದೂ 1951ರಲ್ಲಿ ಅಂತ. ಗೆದ್ದವರ ಹೆಸರು ಕೆಲವು ಸಲ ಇರುತ್ತದೆ, ಕೆಲವು ಸಲ ಅದೂ ಇರುವುದಿಲ್ಲ. ಅವರು ಸಚಿನ್ ನಾಗ್. ಬ್ಯಾಂಕ್ ಕೆಲಸದ ಮೇಲೆ ನಾನು ಕೆಲವು ವರ್ಷ ಉತ್ತರ ಕೋಲ್ಕತ್ತಾದಲ್ಲಿದ್ದೆ. ಅಲ್ಲಿನ ಹಳಬರು ಅವರನ್ನು ತಮ್ಮ ಬೀದಿಯ ಮನುಷ್ಯ ಅನ್ನುವ ಹಾಗೆ ಮಾತಾಡುತ್ತಿದ್ದರು. ನಮ್ಮ ಕಡೆ ಈಜು ಕಲಿಸುವವರಿಗೂ ಈ ಹೆಸರು ಗೊತ್ತಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಹುಟ್ಟಿದ್ದು 1920ರ ಜುಲೈ 5ರಂದು, ವಾರಾಣಸಿಯಲ್ಲಿ. ಈಜುಗಾರ ಆದ ಕಥೆ ಸಿನಿಮಾ ಥರ ಇದೆ. 1930. ಗಂಗೆಯ ಘಾಟಿನಲ್ಲಿ ಸ್ವಾತಂತ್ರ್ಯ ಹೋರಾಟಗಾರರ ಸಭೆ. ಹತ್ತು ವರ್ಷದ ಹುಡುಗ ನೋಡಲು ಹೋಗಿದ್ದ. ಪೊಲೀಸರು ಲಾಠಿ ಬೀಸಿದರು. ಹುಡುಗ ನದಿಗೆ ಹಾರಿದ. ಅದೇ ಹೊತ್ತಿಗೆ ಅಲ್ಲಿ ಹತ್ತು ಕಿಲೋಮೀಟರ್ ಈಜು ಸ್ಪರ್ಧೆ ನಡೀತಿತ್ತು. ಪೊಲೀಸರ ಕಣ್ಣಿಗೆ ಬೀಳಬಾರದು ಅಂತ ಸ್ಪರ್ಧಿಗಳ ನಡುವೆ ಸೇರಿಕೊಂಡು ಈಜುತ್ತಾ ಹೋದ. ಕೊನೆಗೆ ನೋಡಿದರೆ ಮೂರನೇ ಸ್ಥಾನ!

ಆಮೇಲೆ ಕೆಲವು ವರ್ಷ ಅಲ್ಲೇ ಸುತ್ತಮುತ್ತ ಸ್ಪರ್ಧೆಗಳು. ತರಬೇತುದಾರ ಜಾಮಿನಿ ದಾಸ್ ಅವರ ಕಣ್ಣಿಗೆ ಬಿದ್ದು ಕೋಲ್ಕತ್ತಾಗೆ ಬಂದರು. ಹಾಟ್‌ಖೋಲಾ ಕ್ಲಬ್ ಸೇರಿದರು. ಅಲ್ಲಿಂದ ಮುಂದೆ ಅವರು ಪೂರ್ತಿ ಉತ್ತರ ಕೋಲ್ಕತ್ತಾದವರು. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ 100 ಮೀಟರ್ ಫ್ರೀಸ್ಟೈಲ್ ಈಜಿದರು, ವಾಟರ್ ಪೋಲೋ ಕೂಡ ಆಡಿದರು. 1952ರ ಹೆಲ್ಸಿಂಕಿಯಲ್ಲಿ ಮತ್ತೆ ವಾಟರ್ ಪೋಲೋ. ನಡುವೆ 1951ರ ಮಾರ್ಚ್‌ನಲ್ಲಿ ದೆಹಲಿಯ ಮೊದಲ ಏಷ್ಯನ್ ಗೇಮ್ಸ್. 100 ಮೀಟರ್ ಫ್ರೀಸ್ಟೈಲ್, 1 ನಿಮಿಷ 4.7 ಸೆಕೆಂಡ್, ಚಿನ್ನ. ಏಷ್ಯನ್ ಗೇಮ್ಸ್‌ನಲ್ಲಿ ಭಾರತಕ್ಕೆ ಮೊದಲ ಚಿನ್ನ ತಂದವರು ಅಂತಲೇ ಅವರ ಹೆಸರು ಉಳಿದಿದೆ. ಜೊತೆಗೆ ಎರಡು ರಿಲೇಗಳಲ್ಲಿ ಕಂಚು. ವಾಟರ್ ಪೋಲೋ ತಂಡದಲ್ಲಿ ಇನ್ನೊಂದು ಚಿನ್ನ. 1987ರ ಆಗಸ್ಟ್ 19ರಂದು ತೀರಿಕೊಂಡರು.

ಇದು ಬರೀ ಪಟ್ಟಿ. ಮನುಷ್ಯನ ಬಗ್ಗೆ, ಆ ಕಾಲದ ಈಜಿನ ಬಗ್ಗೆ ಗೊತ್ತಿರುವವರು ಸೇರಿಸಿ.

ಸೋರೆಬುರುಡೆ:
ಸಾರ್, ಆ ಘಾಟಿನ ಕಥೆ ಓದಿ ಖುಷಿಯಾಯ್ತು. ಹತ್ತು ವರ್ಷದ ಹುಡುಗ ಹತ್ತು ಕಿಲೋಮೀಟರ್ ಈಜಿದನಾ ಅಂತ ಯಾರಾದರೂ ಕೇಳುತ್ತಾರೆ ನೋಡಿ. ನದಿ ಬದಿಯಲ್ಲಿ ಬೆಳೆದವರು ಕೇಳಲ್ಲ. ಹರಿವಿನ ಜೊತೆ ಹೋದರೆ ಅರ್ಧ ಕೆಲಸ ನೀರೇ ಮಾಡುತ್ತದೆ. ಕೈಕಾಲು ಹದವಾಗಿ ಆಡಿಸುತ್ತಾ, ಸುಳಿ ಎಲ್ಲಿದೆ ಅಂತ ಗೊತ್ತಿದ್ದರೆ ಸಾಕು.

ನಾವೆಲ್ಲ ತೋಟದ ಬಾವಿಯಲ್ಲಿ ಕಲಿತವರು. ಬೆನ್ನಿಗೆ ಒಣಗಿದ ಸೋರೆಬುರುಡೆ ಕಟ್ಟಿ ದಬ್ಬುತ್ತಿದ್ದರು. ಕೆಲವರಿಗೆ ಬೆಂಡು. ಸ್ವಲ್ಪ ದಿನ ಆದ ಮೇಲೆ ಮಾವನೋ ಅಣ್ಣನೋ ಹೇಳದೆ ಕೇಳದೆ ಬುರುಡೆ ಬಿಚ್ಚಿಬಿಡುತ್ತಿದ್ದರು. ಹೀಗೆ ಕಲಿತವರಿಗೆ ನೀರಿನ ಭಯ ಹೋಗುತ್ತದೆ, ಆದರೆ ಸ್ಟೈಲ್ ಬರಲ್ಲ. ತಲೆ ಮೇಲಿಟ್ಟೇ ಈಜುತ್ತೇವೆ. ನಾಗ್ ಅವರಿಗೂ ಕೋಲ್ಕತ್ತಾಗೆ ಬಂದ ಮೇಲೆ ಕೋಚ್ ತಲೆ ಒಳಗಿಡು ಅಂತ ಬೈದಿರಬೇಕು. ಇದು ಸುಮ್ನೆ ನನ್ನ ಊಹೆ, ದಾಖಲೆ ಕೇಳಬೇಡಿ.

ಲೆಕ್ಕದಮನುಷ್ಯ:
ಗೌರವ ಇಟ್ಟುಕೊಂಡೇ ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. 1951ರ ಚಿನ್ನವನ್ನು ಸ್ವಲ್ಪ ತೂಗಿ ನೋಡಬೇಕು. ಆ ಕೂಟಕ್ಕೆ ಬಂದದ್ದೇ 11 ದೇಶ. ಈಜಿನ ಪದಕಪಟ್ಟಿಯಲ್ಲಿ ಜಪಾನ್ ಹೆಸರೇ ಇಲ್ಲ. ಆಗ ಜಪಾನಿನ ಫುರುಹಾಶಿ ಲೋಕದಲ್ಲೇ ದೊಡ್ಡ ಈಜುಗಾರ. 1954ರ ಮನಿಲಾದಲ್ಲಿ ಜಪಾನಿನವರು ಈಜಿಗೆ ಇಳಿದರು, ಕೊಳ ಗುಡಿಸಿಕೊಂಡು ಹೋದರು. ಇನ್ನು 1951ರ ವಾಟರ್ ಪೋಲೋದಲ್ಲಿ ಇದ್ದದ್ದು ಎರಡೇ ತಂಡ, ಭಾರತ ಮತ್ತು ಸಿಂಗಾಪುರ. ಒಂದೇ ಪಂದ್ಯ. 6-4 ಅಂತ ಗೆದ್ದೆವು, ಚಿನ್ನ ಬಂತು. ಸೋತಿದ್ದರೂ ಬೆಳ್ಳಿ ಇರುತ್ತಿತ್ತು!

ಸಮಯವನ್ನೂ ನೋಡಿ. 1948ರ ಒಲಿಂಪಿಕ್ಸ್‌ನಲ್ಲಿ ಅಮೆರಿಕದ ವಾಲಿ ರಿಸ್ 100 ಮೀಟರನ್ನು 57.3 ಸೆಕೆಂಡಿನಲ್ಲಿ ಗೆದ್ದಿದ್ದರು. ನಾಗ್ ಅವರದು ಅದಕ್ಕಿಂತ ಏಳು ಸೆಕೆಂಡಿಗೂ ಜಾಸ್ತಿ. ಇವತ್ತು ಬೆಂಗಳೂರಿನ ಕ್ಲಬ್‌ಗಳಲ್ಲಿ ಹೈಸ್ಕೂಲ್ ಹುಡುಗಿಯರೂ 1:04ಕ್ಕಿಂತ ಬೇಗ ಮುಗಿಸುತ್ತಾರೆ.

ಬಾವಿಕಟ್ಟೆ:
ಬೇಜಾರೇನಿಲ್ಲ, ನೀವು ಹೇಳಿದ ಅಂಕಿ ಎಲ್ಲ ಸರಿ. ಆದರೆ ಅರ್ಧ ಹೇಳಿದಿರಿ.

ಅದೇ ಕೊಳದಲ್ಲಿ ಸಿಂಗಾಪುರದ ನಿಯೋ ಚ್ವೀ ಕೊಕ್ ನಾಲ್ಕು ಚಿನ್ನ ಗೆದ್ದರು. ಫ್ರೀಸ್ಟೈಲ್‌ನಲ್ಲಿ ಅವರ ಕೈಗೆ ಸಿಗದೆ ಹೋದದ್ದು 100 ಮೀಟರ್. ವಾಟರ್ ಪೋಲೋದಲ್ಲಿ ನಾವು ಸೋಲಿಸಿದ ಅದೇ ಸಿಂಗಾಪುರ ಮೂರು ವರ್ಷದ ನಂತರ ಮನಿಲಾದಲ್ಲಿ ಚಿನ್ನ ಗೆದ್ದಿತು, ಜಪಾನ್ ಇದ್ದ ಕೂಟದಲ್ಲೇ. ಎದುರಿಗಿದ್ದದ್ದು ಒಂದೇ ತಂಡ ನಿಜ, ಆದರೆ ಸುಮ್ನೆ ಬಂದು ಹೋದ ತಂಡವಂತೂ ಅಲ್ಲ.

ಸಮಯದ ವಿಷಯ. ಆಗ ಗಾಗಲ್ಸ್ ಇಲ್ಲ. ಈಗಿನ ಥರ ಅಲೆ ನುಂಗುವ ಲೇನ್ ಹಗ್ಗ ಇಲ್ಲ. ಈಗಿನ ಸ್ಟಾರ್ಟಿಂಗ್ ಬ್ಲಾಕ್ ಇಲ್ಲ, ಈಗಿನ ಉಡುಪು ಇಲ್ಲ. ವಯಸ್ಸು ಮೂವತ್ತು ದಾಟಿತ್ತು. 100 ಮೀಟರ್ ಸ್ಪ್ರಿಂಟ್‌ಗೆ ಮೂವತ್ತು ಅಂದರೆ ಈಗಲೂ ಮುದುಕರ ಲೆಕ್ಕವೇ ಅಲ್ವಾ? ಅವರ ಒಳ್ಳೆಯ ವರ್ಷಗಳು ಯುದ್ಧದಲ್ಲಿ ಹೋದವು. 1940ರ ಮತ್ತು 1944ರ ಒಲಿಂಪಿಕ್ಸ್ ನಡೆಯಲೇ ಇಲ್ಲ. ಇಪ್ಪತ್ತು, ಇಪ್ಪತ್ನಾಲ್ಕು ವಯಸ್ಸಿನ ನಾಗ್ ಎಷ್ಟು ಬೇಗ ಈಜಬಹುದಿತ್ತು ಅಂತ ನಮಗೆ ಎಂದೂ ಗೊತ್ತಾಗಲ್ಲ.

ಇನ್ನೊಂದು ಮುಖ್ಯ ವಿಷಯ ಬರೆಯಲು ಬಾಕಿ ಇತ್ತು. 1947ರ ಗಲಭೆಯಲ್ಲಿ ಅವರ ಕಾಲಿಗೆ ಗುಂಡು ಬಿದ್ದಿತ್ತು. ಸರಿಹೋಗಲು ಎರಡು ವರ್ಷ ಬೇಕು ಅಂದಿದ್ದರು ಡಾಕ್ಟರು. ಮುಂದಿನ ವರ್ಷವೇ ಅವರು ಲಂಡನ್ನಿನಲ್ಲಿ ನೀರಿಗಿಳಿದರು.

ಲೆಕ್ಕದಮನುಷ್ಯ:
ಗುಂಡಿನ ವಿಷಯ ಗೊತ್ತಿರಲಿಲ್ಲ. ಏಳು ಸೆಕೆಂಡಿನ ಮಾತು ವಾಪಸ್ ತಗೊಳಲ್ಲ, ಅಂಕಿ ಅಂಕಿಯೇ. ಆದರೆ ಕಾಲಿಗೆ ಗುಂಡು ಬಿದ್ದವರನ್ನು ಸ್ಟಾಪ್‌ವಾಚ್ ಹಿಡಿದು ಅಳೆಯುವುದು ಸರಿಯಲ್ಲ, ಒಪ್ಪಿದೆ.

ಮೊದಲಬೆಂಚು:
ದಡ್ಡ ಪ್ರಶ್ನೆ ಅಂತ ನಗಬೇಡಿ. ವಾಟರ್ ಪೋಲೋ ಅಂದರೆ ಏನು? ಪೋಲೋ ಅಂದರೆ ಕುದುರೆ ಅಲ್ವಾ?

ಏಳನೇ ಟೋಪಿ:
ನಗಲ್ಲ, ಈ ಪ್ರಶ್ನೆ ನಮಗೆ ವಾರಕ್ಕೊಂದು ಸಲ ಬರುತ್ತದೆ. ನಾನು ಬೆಂಗಳೂರಿನಲ್ಲಿ ಕ್ಲಬ್ ಮಟ್ಟದಲ್ಲಿ ಆಡಿದವನು. ಅದಕ್ಕೇ ಸ್ವಲ್ಪ ಉದ್ದ ಬರೆಯುತ್ತೇನೆ, ಸಹಿಸಿಕೊಳ್ಳಿ.

ಕುದುರೆ ಇಲ್ಲ. ಹ್ಯಾಂಡ್‌ಬಾಲನ್ನು ಆಳದ ನೀರಿನಲ್ಲಿ ಆಡಿದ ಹಾಗೆ ಅಂದುಕೊಳ್ಳಿ. ಒಂದು ತಂಡದಿಂದ ನೀರಲ್ಲಿ ಏಳು ಜನ, ಅದರಲ್ಲೊಬ್ಬ ಗೋಲ್‌ಕೀಪರ್. ಗೋಲ್‌ಕೀಪರ್‌ಗೆ ಕೆಂಪು ಟೋಪಿ, ಉಳಿದವರಲ್ಲಿ ಒಂದು ತಂಡಕ್ಕೆ ಬಿಳಿ, ಇನ್ನೊಂದಕ್ಕೆ ನೀಲಿ. ಟೋಪಿಗೆ ಕಿವಿ ಮುಚ್ಚುವ ಪ್ಲಾಸ್ಟಿಕ್ ಕವಚ ಇರುತ್ತದೆ. ಅದು ಚೆಂಡಿಗೂ ಮೊಣಕೈಗೂ ಕಿವಿ ತಮಟೆ ಹರಿಯದಿರಲಿ ಅಂತ. ಗೋಲ್‌ಕೀಪರ್ ಬಿಟ್ಟು ಯಾರೂ ಎರಡು ಕೈಯಲ್ಲಿ ಚೆಂಡು ಹಿಡಿಯುವ ಹಾಗಿಲ್ಲ. ತಳಕ್ಕೆ ಕಾಲೂರುವ ಹಾಗಿಲ್ಲ. ನಾಲ್ಕು ಭಾಗ, ಒಂದೊಂದಕ್ಕೆ ಎಂಟು ನಿಮಿಷ. ಚೆಂಡು ಆಟದಿಂದ ಹೊರಗಿದ್ದಾಗ ಗಡಿಯಾರ ನಿಲ್ಲುತ್ತದೆ. ಹಾಗಾಗಿ ಒಂದು ಪಂದ್ಯ ಮುಗಿಯಲು ಗಂಟೆಯೇ ಬೇಕು.

ಅಷ್ಟು ಹೊತ್ತು ತೇಲುವುದು ಹೇಗೆ? ಎಗ್‌ಬೀಟರ್ ಕಿಕ್ ಅಂತ ಇದೆ. ಕುರ್ಚಿಯಲ್ಲಿ ಕೂತ ಭಂಗಿಯಲ್ಲಿ ಎರಡು ಕಾಲನ್ನೂ ಒಂದರ ನಂತರ ಒಂದು ಒಳಮುಖವಾಗಿ ತಿರುಗಿಸುತ್ತಿರಬೇಕು. ಸರಿಯಾಗಿ ಬಂದರೆ ಎರಡೂ ಕೈ ಖಾಲಿ ಇಟ್ಟುಕೊಂಡು ಎದೆಮಟ್ಟ ಮೇಲೆ ಏಳಬಹುದು. ಬರುವವರೆಗೆ ನೀರು ಕುಡಿಯುವುದೇ ಕೆಲಸ. ಮೇಲೆ ನೋಡುವವರಿಗೆ ಆಟ ಸಾಫ್ ಕಾಣುತ್ತದೆ. ನೀರೊಳಗೆ ಎಳೆದಾಟ, ಒದೆದಾಟ, ಚಡ್ಡಿ ಹಿಡಿದು ಜಗ್ಗಾಟ ಎಲ್ಲ ಉಂಟು. ರೆಫರಿಗೂ ಗೊತ್ತು.

ಈಗ ನಾಗ್ ಅವರ ಕಾಲಕ್ಕೆ ಬನ್ನಿ. ಆಗಿನ ಆಟ ಇದಕ್ಕಿಂತ ಕಷ್ಟ. ಚರ್ಮದ ಚೆಂಡು. ಆಡ್ತಾ ಆಡ್ತಾ ನೀರು ಕುಡಿದು ಭಾರ ಆಗುತ್ತಿತ್ತು, ಜಾರುತ್ತಿತ್ತು. ಬದಲಿ ಆಟಗಾರರನ್ನು ಇಳಿಸುವ ಹಾಗಿರಲಿಲ್ಲ. 1940ರ ದಶಕದ ಕೊನೆಯವರೆಗೂ ಒಂದು ವಿಚಿತ್ರ ನಿಯಮ ಇತ್ತು. ಸೀಟಿ ಊದಿದರೆ ಎಲ್ಲರೂ ಇದ್ದಲ್ಲೇ ನಿಲ್ಲಬೇಕು, ಚೆಂಡು ಮತ್ತೆ ಆಟಕ್ಕೆ ಬರುವವರೆಗೆ ಅಲ್ಲಾಡಬಾರದು. ಚೆಂಡು ಬಂದ ಕ್ಷಣ ನಾಲ್ಕೈದು ಮೀಟರ್ ಮಿಂಚಿನ ಹಾಗೆ ಹೋಗುವವನೇ ರಾಜ. ಇಂಥ ಆಟದಲ್ಲಿ 100 ಮೀಟರ್ ಸ್ಪ್ರಿಂಟರ್ ತಂಡದಲ್ಲಿದ್ದರೆ ಎಷ್ಟು ಉಪಯೋಗ ಅಂತ ನೀವೇ ಲೆಕ್ಕ ಹಾಕಿ.

1948ರಲ್ಲಿ ಅದೇ ಆಯಿತು. ಲಂಡನ್ನಿನಲ್ಲಿ ಭಾರತ ಚಿಲಿಯನ್ನು 7-4ರಿಂದ ಸೋಲಿಸಿತು. ಅದರಲ್ಲಿ ನಾಲ್ಕು ಗೋಲು ನಾಗ್ ಅವರದ್ದು. ಮುಂದಿನ ಪಂದ್ಯಗಳಲ್ಲಿ ಯುರೋಪಿನವರ ಕೈಲಿ ಚೆನ್ನಾಗಿ ಹೊಡೆಸಿಕೊಂಡೆವು, ಅದನ್ನು ಮುಚ್ಚಿಡುವುದೇನಿಲ್ಲ. ಆದರೆ ಒಲಿಂಪಿಕ್ಸ್ ವಾಟರ್ ಪೋಲೋದಲ್ಲಿ ಭಾರತ ಒಂದು ಪಂದ್ಯ ಗೆದ್ದಿದೆ ಅಂತ ಹೇಳಿದರೆ ನಮ್ಮ ಹುಡುಗರೇ ನಂಬಲ್ಲ. 1952ರ ನಂತರ ನಾವು ಒಲಿಂಪಿಕ್ಸ್ ವಾಟರ್ ಪೋಲೋಗೆ ಹೋಗಿಯೇ ಇಲ್ಲ.

ಮೊದಲಬೆಂಚು:
ಚಡ್ಡಿ ಜಗ್ಗಾಟ ಅಂದಿರಲ್ಲ, ಅಲ್ಲಿಗೆ ಅರ್ಥ ಆಯ್ತು 😄

ಕೆರೆಏರಿ:
ಒಂದು ಸಂಶಯ. ಒಲಿಂಪಿಕ್ಸ್‌ಗೆ ಹೋದ ಭಾರತದ ಮೊದಲ ಈಜುಗಾರ ಶಂಶೇರ್ ಖಾನ್ ಅಂತ ಓದಿದ ನೆನಪು. ಆಂಧ್ರದವರು, ಸೈನ್ಯದಲ್ಲಿದ್ದವರು, 1956ರ ಮೆಲ್ಬರ್ನ್. ಹಾಗಾದರೆ 1948ರಲ್ಲಿ ನಾಗ್ ಹೇಗೆ?

ಲೆಕ್ಕದಮನುಷ್ಯ:
ಹಾಗೆ ತುಂಬಾ ಕಡೆ ಬರೆದಿದ್ದಾರೆ, ಆದರೆ ಅದು ತಪ್ಪು. ಶಂಶೇರ್ ಖಾನ್ ದೊಡ್ಡ ಈಜುಗಾರರೇ, ಮೆಲ್ಬರ್ನ್‌ನಲ್ಲಿ ಈಜಿದ್ದೂ ನಿಜ. ಆದರೆ ಮೊದಲಿಗರು ಅವರಲ್ಲ. 1932ರ ಲಾಸ್ ಏಂಜಲೀಸ್‌ನಲ್ಲೇ ನಳಿನ್ ಮಲ್ಲಿಕ್ ಈಜಿದ್ದರು. 1948ರಲ್ಲಿ ನಾಗ್ ಮತ್ತು ಇತರರು. 1952ರಲ್ಲಿ ಇಬ್ಬರು ಹುಡುಗಿಯರೂ ಇದ್ದರು. ಒಬ್ಬರಿಗೆ ಗೌರವ ಕೊಡಲು ಹೋಗಿ ಇನ್ನೊಬ್ಬರನ್ನು ಅಳಿಸಿಹಾಕುವುದು ನಮ್ಮ ಕ್ರೀಡಾ ಬರಹದ ಹಳೇ ಚಾಳಿ.

ಟ್ರಾಮ್ ಕಿಟಕಿ:
ಹೆಲ್ಸಿಂಕಿಯ ಆ ಇಬ್ಬರು ಹುಡುಗಿಯರಲ್ಲಿ ಒಬ್ಬಳ ಕಥೆ ನಾಗ್ ಅವರ ಕಥೆಯ ಜೊತೆಗೇ ಬರಬೇಕು. ಇದನ್ನು ಯಾರಾದರೂ ಹೇಳುತ್ತಾರಾ ಅಂತ ಕಾಯುತ್ತಿದ್ದೆ. ನಾನು ಹುಬ್ಬಳ್ಳಿಯವಳು, ಮದುವೆಯಾದ ಮೇಲೆ ಕೋಲ್ಕತ್ತಾ.

ಆರತಿ ಸಾಹಾ. ಹುಟ್ಟಿದ್ದು 1940. ತುಂಬಾ ಚಿಕ್ಕವಳಿದ್ದಾಗಲೇ ತಾಯಿ ಹೋದರು. ಗಂಗೆಯ ಘಾಟಿಗೆ ಚಿಕ್ಕಪ್ಪನ ಜೊತೆ ಸ್ನಾನಕ್ಕೆ ಹೋಗ್ತಾ ಹೋಗ್ತಾ ಈಜು ಕಲಿತಳು. ಅಪ್ಪ ಹಾಟ್‌ಖೋಲಾ ಕ್ಲಬ್ಬಿಗೆ ಸೇರಿಸಿದರು. ನಾಲ್ಕು ವರ್ಷದ ಆ ಮಗುವಿನಲ್ಲಿ ಏನೋ ಇದೆ ಅಂತ ಗುರುತಿಸಿದವರು ಸಚಿನ್ ನಾಗ್. ಐದು ವರ್ಷಕ್ಕೇ ಅವಳು ಸ್ಪರ್ಧೆ ಗೆದ್ದಳು. 1952ರಲ್ಲಿ ಹೆಲ್ಸಿಂಕಿಗೆ ಹೋದಾಗ ಅವಳಿಗೆ ಹನ್ನೆರಡು ಕೂಡ ತುಂಬಿರಲಿಲ್ಲ. ಜೊತೆಗಿದ್ದ ಇನ್ನೊಬ್ಬರು ಡಾಲಿ ನಝೀರ್. ಅದೇ ಭಾರತದ ತಂಡದಲ್ಲಿ ವಾಟರ್ ಪೋಲೋ ಆಡಲು ನಾಗ್ ಕೂಡ ಇದ್ದರು. ಗುರು ಮತ್ತು ಶಿಷ್ಯೆ ಒಂದೇ ಒಲಿಂಪಿಕ್ಸ್‌ನಲ್ಲಿ! ಒಂದೇ ಕ್ಲಬ್‌ನಿಂದ!

ಆಮೇಲಿನದು ನಿಮಗೆ ಗೊತ್ತಿರಬಹುದು. 1959ರ ಆಗಸ್ಟ್‌ನಲ್ಲಿ ಇಂಗ್ಲಿಷ್ ಕಾಲುವೆ ದಾಟಲು ಹೋದಳು. ದಾರಿ ತೋರುವ ದೋಣಿ ಬರುವುದು ತಡವಾಯ್ತು. ಕಷ್ಟಪಟ್ಟು ಇಂಗ್ಲೆಂಡಿನ ದಡ ಹತ್ತಿರ ಬರುವಾಗ ಎದುರು ಪ್ರವಾಹ, ಕೈಬಿಡಬೇಕಾಯ್ತು. ಸೆಪ್ಟೆಂಬರ್ 29ರಂದು ಮತ್ತೆ ಇಳಿದಳು. 16 ಗಂಟೆ 20 ನಿಮಿಷ ಈಜಿ ದಾಟಿದಳು. ಕಾಲುವೆ ದಾಟಿದ ಏಷ್ಯಾದ ಮೊದಲ ಮಹಿಳೆ. 1960ರಲ್ಲಿ ಪದ್ಮಶ್ರೀ ಬಂತು. ಕೋಚ್‌ಗೆ ಬರಲಿಲ್ಲ.

ನಮ್ಮತ್ತೆ ಕಾಲದವರು ನಾಗ್ ಅವರನ್ನು "ಸಚಿನ್‌ದಾ" ಅಂತಲೇ ಕರೀತಾರೆ. ಚಿನ್ನದ ಬಗ್ಗೆ ಅಷ್ಟಾಗಿ ಮಾತಾಡಲ್ಲ. ಮಕ್ಕಳನ್ನು ನೀರಿಗೆ ಇಳಿಸಿದವರು ಅನ್ನುವುದೇ ಅವರಿಗೆ ಮುಖ್ಯ.

ಪುತ್ತೂರುಮಳೆ:
ಕೋಚ್‌ಗೆ ಬರಲಿಲ್ಲ ಅನ್ನೋ ಸಾಲು ಚುಚ್ಚಿತು. ಮೇಡಂ, ಕೋಲ್ಕತ್ತಾದಲ್ಲಿ ಜನ ಈಜೋದು ಎಲ್ಲಿ? ಹೇದುವಾ ಅಂತ ಒಂದು ಹೆಸರು ಕೇಳಿದ್ದೇನೆ.

ಟ್ರಾಮ್ ಕಿಟಕಿ:
ಹೌದು, ಹೇದುವಾ. ಹಳೇ ಕಾರ್ನ್‌ವಾಲಿಸ್ ಸ್ಕ್ವೇರ್, ಈಗ ಆಜಾದ್ ಹಿಂದ್ ಬಾಗ್. ಒಂದು ಕಡೆ ಬೆಥೂನ್ ಕಾಲೇಜು, ಇನ್ನೊಂದು ಕಡೆ ಸ್ಕಾಟಿಷ್ ಚರ್ಚ್ ಕಾಲೇಜು. ನಡುವೆ ಚೌಕಾಕಾರದ ಕೆರೆ. ನಮ್ಮ ಕಡೆಯ ಕಲ್ಯಾಣಿಗೆ ಮೆಟ್ಟಿಲು ತೆಗೆದು ಪಾರ್ಕ್ ಮಾಡಿದರೆ ಹೇಗಿರುತ್ತದೋ ಹಾಗೆ. ಕಾಲೇಜ್ ಸ್ಕ್ವೇರ್‌ನಲ್ಲೂ ಇಂಥದ್ದೇ ಇದೆ. ದಡದಲ್ಲಿ ಈಜು ಕ್ಲಬ್‌ಗಳು. ನೀರು ಹಸಿರು. ತಳ ಕಾಣಲ್ಲ, ತಳದಲ್ಲಿ ಕಪ್ಪು ಗೆರೆ ಎಲ್ಲ ಇಲ್ಲ. ಬೇಸಿಗೆಯಲ್ಲಿ ಸಾಯಂಕಾಲ ಮಕ್ಕಳ ಗದ್ದಲ ಅಂದರೆ ಗದ್ದಲ. ಅಮ್ಮಂದಿರು ಕಟಕಟೆ ಹಿಡಿದು ನಿಂತು ಅಲ್ಲಿಂದಲೇ ಕೋಚ್‌ಗೆ ಸಲಹೆ ಕೊಡುತ್ತಾರೆ. ವಾಟರ್ ಪೋಲೋ ಪಂದ್ಯ ಇದ್ದರೆ ಆಫೀಸಿನಿಂದ ಬರುವವರೂ ಬ್ಯಾಗ್ ಹಿಡಿದುಕೊಂಡೇ ನಿಂತುಬಿಡುತ್ತಾರೆ.

ಚಂದ ಮಾತ್ರ ಹೇಳಿದರೆ ತಪ್ಪಾಗುತ್ತದೆ. ಇವು ಅಪಾಯದ ಜಾಗಗಳು ಕೂಡ. 2017ರಲ್ಲಿ ಕಾಲೇಜ್ ಸ್ಕ್ವೇರ್‌ನಲ್ಲಿ ಅನುಭವಿ ಈಜುಗಾರರೊಬ್ಬರೇ ಮುಳುಗಿ ತೀರಿಕೊಂಡರು. ತಳ ಕಾಣದ ನೀರಲ್ಲಿ ಒಬ್ಬರು ಕೆಳಗೆ ಹೋದರೆ ಹುಡುಕುವುದೇ ಕಷ್ಟ. ನನ್ನ ಮಗಳನ್ನು ಕಳಿಸುವಾಗ ನಾನೂ ಎರಡು ಸಲ ಯೋಚಿಸಿದವಳೇ. ಕೊನೆಗೆ ಟೈಲ್ಸ್ ಹಾಕಿದ ಕೊಳಕ್ಕೇ ಸೇರಿಸಿದೆ.

ಏಳನೇ ಟೋಪಿ:
ಮೇಡಂ ಬರೆದದ್ದರಲ್ಲೇ ಬಂಗಾಳದ ವಾಟರ್ ಪೋಲೋದ ಗುಟ್ಟಿದೆ. ಕೆರೆ ಆಳ ಇರುತ್ತದೆ. ಕಾಲು ತಾಗಲ್ಲ. ಎರಡು ಕಡೆ ಗೋಲು ತೇಲಿಬಿಟ್ಟರೆ ಮೈದಾನ ರೆಡಿ. ಸುತ್ತ ಜನ ಇದ್ದಾರೆ, ಹಾಗಾಗಿ ಹುಡುಗರಿಗೆ ಹುರುಪು.

ನಮ್ಮಲ್ಲಿ ನೋಡಿ. ಈಜಿನಲ್ಲಿ ಕರ್ನಾಟಕ ದೇಶಕ್ಕೇ ಮುಂದು. ಸಿಡ್ನಿಗೆ ಹೋದ ನಿಶಾ ಮಿಲೆಟ್‌ರಿಂದ ಹಿಡಿದು ಟೋಕಿಯೋದ ಶ್ರೀಹರಿ ನಟರಾಜ್‌ವರೆಗೆ ಒಲಿಂಪಿಕ್ಸ್ ಈಜುಗಾರರ ಸಾಲೇ ಇದೆ. ಆದರೆ ವಾಟರ್ ಪೋಲೋ? ಬಂಗಾಳ, ಕೇರಳ, ಸರ್ವೀಸಸ್, ರೈಲ್ವೇಸ್ ಅಂತ ಹೇಳುವಾಗ ನಮ್ಮ ಹೆಸರು ಅಷ್ಟು ಸುಲಭವಾಗಿ ಬರಲ್ಲ. ಕಾರಣ ಹತ್ತಾರು ಇರಬಹುದು. ನನಗೆ ಕಣ್ಣಿಗೆ ಹೊಡೆಯುವುದು ಆಳ. ಆಟಕ್ಕೆ ಕನಿಷ್ಠ 1.8 ಮೀಟರ್, ಅಂದರೆ ಆರಡಿ ನೀರು ಬೇಕು. ಉದ್ದಕ್ಕೂ ಬೇಕು. ಈಗ ಕಟ್ಟುವ ಕೊಳಗಳು ನಾಲ್ಕಡಿ, ನಾಲ್ಕೂವರೆ ಅಡಿ. ಅಪಾರ್ಟ್‌ಮೆಂಟಿನವು ಇನ್ನೂ ಕಡಿಮೆ. ಲೇನ್ ಬಾಡಿಗೆ ಗಂಟೆ ಲೆಕ್ಕ. ಹದಿನಾಲ್ಕು ಜನ ಚೆಂಡಾಟಕ್ಕೆ ಪೂರ್ತಿ ಕೊಳ ಕೊಡಿ ಅಂದರೆ ಮ್ಯಾನೇಜರ್ ಮುಖ ನೋಡಬೇಕು ನೀವು. ನಾವು ಅಭ್ಯಾಸ ಮಾಡುತ್ತಿದ್ದ ಒಂದು ಕೊಳದಲ್ಲಿ ಚೆಂಡು ಗಾಜಿಗೆ ತಾಗಿತು ಅಂತ ಆಟವನ್ನೇ ನಿಲ್ಲಿಸಿದರು. ಗಾಜು ಒಡೆದಿರಲೂ ಇಲ್ಲ!

ನಾಗ್ ಥರದವರಿಗೆ ಬೆಳಗ್ಗೆ ಸ್ಪ್ರಿಂಟ್, ಸಾಯಂಕಾಲ ಪೋಲೋ ಬೇರೆ ಬೇರೆ ಆಗಿರಲಿಲ್ಲ ಅಂತ ನನ್ನ ನಂಬಿಕೆ. ಒಂದೇ ನೀರು, ಒಂದೇ ಹುಡುಗರು. 1948ರಲ್ಲಿ ಅವರ ಜೊತೆ ಇದ್ದ ಮುಂಬೈನ ಐಸಾಕ್ ಮನ್ಸೂರ್ ಕೂಡ ಈಜು, ಪೋಲೋ ಎರಡರಲ್ಲೂ ಇದ್ದವರು. ಈಗ ಹನ್ನೆರಡು ವರ್ಷಕ್ಕೇ ಮಗು ಬಟರ್‌ಫ್ಲೈನದ್ದೋ ಬ್ಯಾಕ್‌ಸ್ಟ್ರೋಕ್‌ನದ್ದೋ ಅಂತ ತೀರ್ಮಾನ ಆಗಿರುತ್ತದೆ. ಪೋಲೋ ಆಡಿದರೆ ಭುಜ ಹಾಳಾಗುತ್ತದೆ ಅಂತ ಪೋಷಕರೇ ತಡೆಯುತ್ತಾರೆ.

ಪುತ್ತೂರುಮಳೆ:
ಭುಜದ ಮಾತು ಪೂರ್ತಿ ಸುಳ್ಳಲ್ಲ ಮಾರಾಯ್ರೆ. ನನ್ನ ತಮ್ಮನಿಗೆ ಆಗಿದೆ. ಆದರೆ ನೀವು ಹೇಳಿದ ಆಳದ ವಿಷಯ ಹೌದು. ನಮ್ಮ ಪುತ್ತೂರಿನ ಬಾಲವನದ ಕೊಳದಲ್ಲಿ ಈಜಿದ ಮಕ್ಕಳು ರಾಷ್ಟ್ರ ಮಟ್ಟಕ್ಕೆ ಹೋಗಿದ್ದಾರೆ. ಕಾರಂತಜ್ಜನ ಬಾಲವನ. ಸಣ್ಣ ಊರಲ್ಲಿ ಒಂದು ಕೊಳ, ಒಬ್ಬಿಬ್ಬರು ಹಠವಾದಿ ಕೋಚ್‌ಗಳು ಇದ್ದರೆ ಏನಾಗುತ್ತದೆ ಅಂತ ಕಣ್ಣಾರೆ ಕಂಡಿದ್ದೇವೆ. ಹಾಟ್‌ಖೋಲಾ ಕಥೆ ಓದುವಾಗ ಅದೇ ನೆನಪಾಯಿತು.

ಕೆರೆಏರಿ:
ಅವರಿಗೆ ಸರ್ಕಾರದ ಗೌರವ ಏನೂ ಸಿಗಲೇ ಇಲ್ಲವಾ?

ಬಾವಿಕಟ್ಟೆ:
ಸಿಕ್ಕಿತು, 2020ರಲ್ಲಿ. ಧ್ಯಾನ್‌ಚಂದ್ ಪ್ರಶಸ್ತಿ. ಅವರು ತೀರಿಕೊಂಡು 33 ವರ್ಷ ಆಗಿತ್ತು. ಚಿನ್ನ ಗೆದ್ದು ಸುಮಾರು 70 ವರ್ಷ. ಅರ್ಜುನ ಪ್ರಶಸ್ತಿ ಶುರುವಾದದ್ದೇ 1961ರಲ್ಲಿ, ಅವರ ಆಟ ಮುಗಿದ ಮೇಲೆ, ಅದು ಬಿಡಿ. ಆದರೆ ಅದರ ನಂತರ ಬದುಕಿದ್ದ ಕಾಲು ಶತಮಾನದಲ್ಲಿ ದೆಹಲಿಯಲ್ಲಿ ಯಾರಿಗೂ ನೆನಪಾಗಲಿಲ್ಲ. 1982ರಲ್ಲಿ ಏಷ್ಯನ್ ಗೇಮ್ಸ್ ಮತ್ತೆ ದೆಹಲಿಗೇ ಬಂದಿತ್ತು, ಆಗಲೂ ಅವರು ಇದ್ದರು. ಮನೆಯವರು ವರ್ಷಗಟ್ಟಲೆ ಕಾಗದ ಪತ್ರ ಹಿಡಿದು ಓಡಾಡಿದ ಮೇಲೆ, ಜನ್ಮಶತಮಾನದ ವರ್ಷದಲ್ಲಿ ಬಂತು. ಕೋವಿಡ್ ಕಾಲ, ಸಮಾರಂಭವೂ ಆನ್‌ಲೈನ್. ತಮಾಷೆ ನೋಡಿ, ಅದೇ 2020ರ ಸೆಪ್ಟೆಂಬರ್‌ನಲ್ಲಿ ಆರತಿ ಸಾಹಾ ಅವರ 80ನೇ ಹುಟ್ಟುಹಬ್ಬಕ್ಕೆ ಗೂಗಲ್ ತನ್ನ ಮುಖಪುಟದಲ್ಲಿ ಚಿತ್ರ ಹಾಕಿತ್ತು.

ಲೆಕ್ಕದಮನುಷ್ಯ:
ಇದಕ್ಕೆ ಒಂದು ಕಾರಣ ನನಗೆ ಹೊಳೆಯುತ್ತದೆ. ಈಜಿನಲ್ಲಿ ಆಮೇಲೆ ನಮ್ಮದು ಬರಗಾಲ. 1951ರ ನಂತರ ಏಷ್ಯನ್ ಗೇಮ್ಸ್ ಈಜಿನಲ್ಲಿ ಪದಕ ಬರಲು 1986 ಆಗಬೇಕಾಯಿತು. ಸಿಯೋಲ್‌ನಲ್ಲಿ ಖಜಾನ್ ಸಿಂಗ್, 200 ಮೀಟರ್ ಬಟರ್‌ಫ್ಲೈ, ಬೆಳ್ಳಿ. ಮತ್ತೆ 2010ರಲ್ಲಿ ವೀರಧವಳ್ ಖಾಡೆ, 2014ರಲ್ಲಿ ಸಂದೀಪ್ ಸೆಜ್ವಾಲ್, ಇಬ್ಬರಿಗೂ 50 ಮೀಟರ್‌ನಲ್ಲಿ ಕಂಚು. ಒಂದು ಆಟದಲ್ಲಿ ಗೆಲುವು ಮುಂದುವರಿದರೆ ಮೊದಲಿಗರ ಹೆಸರೂ ಬಾಯಲ್ಲಿರುತ್ತದೆ. ಹಾಕಿಯಲ್ಲಿ ಹಾಗಾಯಿತು. ಈಜಿನಲ್ಲಿ ಹಿಂದಿನವರನ್ನು ನೆನೆಯಲು ಮುಂದಿನವರೇ ಇರಲಿಲ್ಲ.

ವಾಟರ್ ಪೋಲೋ ಇನ್ನೂ ವಿಚಿತ್ರ. 1970ರ ಬ್ಯಾಂಕಾಕ್‌ನಲ್ಲಿ ಬೆಳ್ಳಿ, 1982ರ ದೆಹಲಿಯಲ್ಲಿ ಕಂಚು ಬಂದಿದೆ. ಆ ತಂಡದವರ ಒಬ್ಬರ ಹೆಸರು ಹೇಳಿ ಅಂದರೆ ಇಲ್ಲಿ ಎಷ್ಟು ಜನ ಹೇಳುತ್ತಾರೆ?

ಟ್ರಾಮ್ ಕಿಟಕಿ:
ಕಾರಣ ಸರಿ ಇರಬಹುದು, ಆದರೆ ಅದು ನೆಪ ಆಗಬಾರದು. ಡೈವಿಂಗ್‌ನಲ್ಲಿ ಕೆ. ಪಿ. ಠಕ್ಕರ್ 1951ರಲ್ಲಿ ಎರಡು ಚಿನ್ನ ಗೆದ್ದಿದ್ದರು. ಅವರನ್ನೂ ಮರೆತೆವು. ಬರಗಾಲ ಇದ್ದಾಗಲೇ ಅಲ್ವಾ ಹಳೇ ಕಣಜ ಹುಡುಕಬೇಕಾದ್ದು?

ಹಣದ ವಿಷಯ ಯಾರೂ ಎತ್ತಲಿಲ್ಲ. ಲಂಡನ್ನಿಗೆ ಹೋಗಲು ನಾಗ್ ಅವರು ಜನರಿಂದ ಚಂದಾ ಎತ್ತಬೇಕಾಯಿತು. ಗಾಯಕ ಹೇಮಂತ್ ಕುಮಾರ್ ಹಾಡಿ ಹಣ ಕೂಡಿಸಿಕೊಟ್ಟರು ಅಂತ ಇಲ್ಲಿ ಎಲ್ಲರೂ ಹೇಳುತ್ತಾರೆ. ಆಗಿನ್ನೂ ಅವರು ಬಾಂಬೆಗೆ ಹೋಗಿ ಹಿಂದಿ ಸಿನಿಮಾದಲ್ಲಿ ಹೆಸರು ಮಾಡಿರಲಿಲ್ಲ, ಬಂಗಾಳದ ಹೇಮಂತ ಮುಖೋಪಾಧ್ಯಾಯ. ಊರು ಕಳಿಸಿದ ಈಜುಗಾರ ಅಂದರೆ ಇದು.

ಸೋರೆಬುರುಡೆ:
ಚಂದಾ ಎತ್ತುವ ಕಥೆ ಈಗಲೂ ಮುಗಿದಿಲ್ಲ ಮೇಡಂ. ನಮ್ಮ ತಾಲ್ಲೂಕಿನ ಹುಡುಗಿಯೊಬ್ಬಳು ರಾಷ್ಟ್ರೀಯ ಕೂಟಕ್ಕೆ ಹೋಗುವಾಗ ಸ್ವಿಮ್‌ಸೂಟ್‌ಗೆ ದುಡ್ಡು ಸೇರಿಸಿದ್ದು ಹಾಲಿನ ಡೇರಿಯ ಮುಂದೆ ಡಬ್ಬಿ ಇಟ್ಟು. ಈಗಿನ ರೇಸ್ ಸೂಟಿನ ಬೆಲೆ ಕೇಳಿ ಅವಳ ಅಪ್ಪ ಎಮ್ಮೆ ರೇಟು ಹೇಳ್ತಿದಾರಾ ಅಂದಿದ್ದರು.

ಮೊದಲಬೆಂಚು:
ನಾಗ್ ಅವರ ಹೆಸರಲ್ಲಿ ಎಲ್ಲಾದರೂ ಟೂರ್ನಿ ಮಾಡಬಹುದಲ್ವಾ? ಬೆಂಗಳೂರಲ್ಲೇ ಮಾಡಿ. ಅವರು ಬಂಗಾಳದವರು ಅಂತ ಇಲ್ಲಿ ಬೇಡ ಅನ್ನಬೇಕಿಲ್ಲ.

ಏಳನೇ ಟೋಪಿ:
ಹೆಸರು ಇಡಲು ನಾನು ರೆಡಿ, ಆರಡಿ ಕೊಳ ನೀವು ಕೊಡಿಸಿ. ಕಪ್‌ಗಿಂತ ನನಗೆ ಬೇರೆ ಒಂದು ಆಸೆ. ಈಜು ಕ್ಲಬ್‌ಗಳು ವಾರಕ್ಕೊಂದು ದಿನ ಮಕ್ಕಳ ಕೈಗೆ ಚೆಂಡು ಕೊಡಲಿ. ಲೇನ್ ಹಗ್ಗ ತೆಗೆದು ಅರ್ಧ ಗಂಟೆ ಆಡಲು ಬಿಡಲಿ. ಲೇನ್ ಹಿಡಿದು ಒಂದೇ ಸಮ ಈಜಿ ಬೇಸತ್ತು ಹದಿನೈದಕ್ಕೇ ಈಜು ಬಿಡುವ ಮಕ್ಕಳು ಎಷ್ಟೋ ಜನ. ಅವರಲ್ಲಿ ನಾಲ್ಕು ಜನ ಪೋಲೋಗೆ ಉಳಿದರೂ ತಂಡಕ್ಕೆ ಅರ್ಧ ಆಯಿತು.

ಲೆಕ್ಕದಮನುಷ್ಯ:
ನಾಲ್ಕು ಏಳರ ಅರ್ಧ ಅಲ್ಲ, ಮೂರೂವರೆ.

ಏಳನೇ ಟೋಪಿ:
ನಿಮ್ಮನ್ನು ಸ್ಕೋರರ್ ಆಗಿ ಕೂರಿಸುತ್ತೇನೆ ಬನ್ನಿ ಸಾರ್ 🙏

ಮೊದಲಬೆಂಚು:
ನಲವತ್ತು ದಾಟಿದವರಿಗೆ ಎಗ್‌ಬೀಟರ್ ಕಿಕ್ ಬರುತ್ತಾ? ಬೆಂಗಳೂರಿನವನೇ. ಈಜು ಬರುತ್ತದೆ, ಬಾವಿ ಸ್ಟೈಲ್.

ಏಳನೇ ಟೋಪಿ:
ಬರುತ್ತದೆ. ಮೊದಲು ಕೊಳದ ಅಂಚಲ್ಲಿ ಕೂತು ಕಾಲು ನೀರಲ್ಲಿಟ್ಟು ಒಂದೊಂದೇ ತಿರುಗಿಸಿ ರೂಢಿ ಮಾಡಿ. ಆಮೇಲೆ ಬೋರ್ಡ್ ತಬ್ಬಿಕೊಂಡು ಆಳಕ್ಕೆ ಹೋಗಿ. ಮಂಡಿ ನೋವಿದ್ದರೆ ಡಾಕ್ಟರ್‌ನ ಕೇಳದೆ ಬೇಡ, ಈ ಕಿಕ್ ಮಂಡಿಯನ್ನು ಒಳಗಡೆ ತಿರುಚುತ್ತದೆ. ಬಾವಿ ಸ್ಟೈಲ್ ಇದ್ದರೆ ಒಳ್ಳೆಯದೇ, ಪೋಲೋದಲ್ಲಿ ತಲೆ ಮೇಲಿಟ್ಟೇ ಈಜಬೇಕು. ಸೋರೆಬುರುಡೆ ಸಾರ್, ನೀವೂ ಬನ್ನಿ. ನಿಮಗೆ ಯಾರೂ ತಲೆ ಒಳಗಿಡಿ ಅಂತ ಬೈಯಲ್ಲ.